ಹಂಗಾಮಿನ ಕಡೇ ಜೋಡಿ

ಮಾರ್ಚ್ ಮುಗಿಯುತ್ತ ಬಂತೆಂದರೆ ಜಮಖಂಡಿ–ಮುಧೋಳ ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ತೆಳ್ಳಗಾಗುತ್ತದೆ. ಎರಡೆರಡು ಟ್ರೇಲರ್ ಎಳೆದುಕೊಂಡು, ಹಾಡನ್ನು ಗಂಟಲು ಹರಿಯುವಂತೆ ಹಚ್ಚಿಕೊಂಡು, ಹಿಂದಿನ ಬಸ್ಸಿಗೆ ದಾರಿಯನ್ನೇ ಬಿಡದೆ ನಾಲ್ಕೈದು ತಿಂಗಳು ಓಡಾಡಿದ ಬಂಡಿಗಳು ಅಂಗಳ ಸೇರುತ್ತವೆ. ಮಹಾರಾಷ್ಟ್ರದ ಬೀಡ್ ಕಡೆಯಿಂದ ಬಂದಿದ್ದ ಕಬ್ಬು ಕಡಿಯುವ ಗ್ಯಾಂಗುಗಳು ಗುಡಿಸಲು ಕಿತ್ತು ಗಂಟು ಕಟ್ಟುತ್ತವೆ. ಸರಿಯಾಗಿ ಆ ಹೊತ್ತಿಗೆ ಬಸ್ ನಿಲ್ದಾಣದ ಕಂಪೌಂಡು, ಚಹಾದಂಗಡಿ, ಹಾಲಿನ ಡೇರಿಯ ಗೋಡೆಗಳ ಮೇಲೆ ಹೊಸ ಪೋಸ್ಟರುಗಳು ಅಂಟಿಕೊಳ್ಳುತ್ತವೆ. ಮೇಲೆ ಊರ ದೇವರ ಚಿತ್ರ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ‘ಭವ್ಯ ಜಂಗಿ ನಿಕಾಲಿ ಕುಸ್ತಿಗಳು’. ನಡುವೆ ಎದೆಯುಬ್ಬಿಸಿ ಎದುರುಬದುರು ನಿಂತ ಇಬ್ಬರು ಪೈಲ್ವಾನರ ಫೋಟೊ. ತಳದಲ್ಲಿ ಇನಾಮು ಕೊಟ್ಟವರ ಹೆಸರುಗಳು, ಓದಲು ಕನ್ನಡಕ ಬೇಕಾಗುವಷ್ಟು ಸಣ್ಣಕ್ಕೆ.

ಓದುಗ ಆ ಸಣ್ಣಕ್ಷರಗಳಿಗೆ ತಲೆ ಕೆಡಿಸಿಕೊಳ್ಳುವುದಿಲ್ಲ. ಅವನ ಕಣ್ಣು ನೇರ ಹೋಗುವುದು ‘ಒಂದನೇ ನಂಬರ ಕುಸ್ತಿ’ ಎಂಬಲ್ಲಿಗೆ. ಯಾರ ಮೇಲೆ ಯಾರು? ಯಾವ ತಾಲೀಮಿನವರು? ಕಳೆದ ತಿಂಗಳು ಇವರಿಬ್ಬರೂ ಎಲ್ಲಾದರೂ ಹಿಡಿದಿದ್ದರೇ? ಯಾರ ಭುಜ ಜಾರಿತ್ತು, ಯಾರಿಗೆ ಮೊಣಕಾಲಿನ ನೋವು? ಪೋಸ್ಟರಿನ ಮುಂದೆ ಚಹಾ ಹೀರುತ್ತ ನಿಂತವರು ಈ ಲೆಕ್ಕವನ್ನು ಯಾವ ಪುಸ್ತಕವೂ ಇಲ್ಲದೆ ಬಾಯಲ್ಲೇ ಹಾಕುತ್ತಾರೆ. ಐಪಿಎಲ್ ಅಂಕಪಟ್ಟಿ ಮೊಬೈಲಿನಲ್ಲಿದೆ. ಕುಸ್ತಿಯ ಅಂಕಪಟ್ಟಿ ಇರುವುದು ಇಂಥ ಮುದುಕರ ತಲೆಯಲ್ಲಿ.

ಕೃಷ್ಣಾ ಮತ್ತು ಘಟಪ್ರಭೆಯ ನಡುವಿನ ಈ ಸೀಮೆಯಲ್ಲಿ, ಅಂದರೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯ ಸುತ್ತಿನಲ್ಲಿ, ಕುಸ್ತಿಗೂ ಒಂದು ಹಂಗಾಮಿದೆ. ಅದನ್ನು ಯಾವ ಮಂಡಳಿಯೂ ಘೋಷಿಸುವುದಿಲ್ಲ. ಬನಹಟ್ಟಿಯ ಕಾಡಸಿದ್ಧೇಶ್ವರ, ಮಹಾಲಿಂಗಪುರದ ಮಹಾಲಿಂಗೇಶ್ವರ, ತೇರದಾಳದ ಅಲ್ಲಮಪ್ರಭು, ಹೀಗೆ ದೇವರಿಗೊಂದು ಜಾತ್ರೆ, ಊರಿಗೊಂದು ಹನುಮಪ್ಪನ ಓಕುಳಿ, ದರ್ಗಾಕ್ಕೊಂದು ಉರುಸು. ಇಂಥ ಕೂಟಗಳ ಬೆನ್ನಿಗೇ ಕುಸ್ತಿ. ವರ್ಷದ ಉಳಿದ ತಿಂಗಳುಗಳಲ್ಲೂ ಅಲ್ಲೊಂದು ಇಲ್ಲೊಂದು ಕಣ ಕೂಡುತ್ತದೆ, ನಿಜ. ಆದರೆ ಭರಾಟೆ ಇರುವುದು ಸುಗ್ಗಿ ಮುಗಿದ ಮೇಲೆ. ಯುಗಾದಿ, ಬಸವ ಜಯಂತಿ ದಾಟಿ ಮೇ ತಿಂಗಳ ಉರಿಯಲ್ಲಿ ಅದು ಏರಿ, ಕಾರ ಹುಣ್ಣಿಮೆಗೆ ಎತ್ತುಗಳಿಗೆ ಬಣ್ಣ ಬಳಿದು ಕರಿ ಹರಿಯುವ ಹೊತ್ತಿಗೆ ನಿಲ್ಲುತ್ತದೆ. ಆಮೇಲೆ ಬಿತ್ತನೆ. ಮಳೆ ಬಿದ್ದರೆ ಕಣದ ಮಣ್ಣು ಕೆಸರು; ರೈತನಿಗೂ ಪುರುಸೊತ್ತಿಲ್ಲ.

ಹಾಗಾಗಿ ಹಂಗಾಮಿನ ಕಡೆಯ ಕುಸ್ತಿಗಳಿಗೆ ಬೇರೆಯದೇ ತೂಕ. ಡಿಸೆಂಬರಿನಲ್ಲಿ ಸೋತವನಿಗೆ ಜನವರಿ ಇದೆ. ಮೇ ಕೊನೆಯ ವಾರದಲ್ಲಿ ಬೆನ್ನಿಗೆ ಮಣ್ಣು ಹತ್ತಿಸಿಕೊಂಡವನು ಆ ಸೋಲನ್ನು ಇಡೀ ಮಳೆಗಾಲ ಹೊತ್ತು ತಿರುಗಬೇಕು. ಮುಂದಿನ ವರ್ಷದ ಪೋಸ್ಟರಿನಲ್ಲಿ ಒಂದನೇ ನಂಬರಿಗೆ ಬರುವವನು ಮೂರನೆಯದಕ್ಕೆ ಇಳಿಯುತ್ತಾನೆ, ಇನಾಮೂ ಜೊತೆಗೇ ಇಳಿಯುತ್ತದೆ. ಪೈಲ್ವಾನನಿಗೆ ಸಂಬಳವಿಲ್ಲ. ಹಾಲು, ತುಪ್ಪ, ಬಾದಾಮಿ, ಗಸಗಸೆ ಅರೆದ ತಂಡಾಯಿ, ಮೊಟ್ಟೆ, ಮಾಂಸ ಎಂದು ಅವನ ಖುರಾಕಿನ ಖರ್ಚು ಮಾತ್ರ ದಿನವೂ ತಪ್ಪದು. ಆ ಖರ್ಚಿನ ಬಹುಪಾಲು ಹುಟ್ಟಬೇಕಾದದ್ದು ಇದೇ ಕಣಗಳಲ್ಲಿ. ವೃತ್ತಿ ಆಟಗಾರ ಎಂಬ ಮಾತಿಗೆ ಈ ಸೀಮೆಯಲ್ಲಿ ಇಷ್ಟೇ ಅರ್ಥ.

ಮಧ್ಯಾಹ್ನದ ಬಿಸಿಲು ಸ್ವಲ್ಪ ತಗ್ಗುತ್ತಿದ್ದಂತೆ ಹಲಗಿ ಬಡಿತ ಏಳುತ್ತದೆ. ಕಣದ ಪೂಜೆ, ತೆಂಗಿನಕಾಯಿ, ಊದುಬತ್ತಿ. ಕಣದ ಮಣ್ಣು ಸ್ಥಳೀಯವಲ್ಲ ಎಂಬುದು ಹೊರಗಿನವರಿಗೆ ಸೋಜಿಗ. ಕೃಷ್ಣೆಯ ದಂಡೆಯ ನೆಲವೆಲ್ಲ ಎರಿ. ಒಣಗಿದರೆ ಬಿರುಕು ಬಿಟ್ಟು ಕಲ್ಲಾಗುವ, ನೆನೆದರೆ ಕಾಲು ಕಚ್ಚುವ ಈ ಕಪ್ಪು ಮಣ್ಣು ಜೋಳಕ್ಕೂ ಕಬ್ಬಿಗೂ ಚಿನ್ನ, ಕುಸ್ತಿಗೆ ಕುತ್ತು. ಆದ್ದರಿಂದ ದೂರದಿಂದ ಕೆಂಪು ಮಣ್ಣನ್ನು ಹೇರಿಕೊಂಡು ಬರಬೇಕು. ಅದನ್ನು ಜರಡಿ ಹಿಡಿದು, ಹರಳು ತೆಗೆದು, ಮಜ್ಜಿಗೆ, ಎಣ್ಣೆ, ನಿಂಬೆರಸ, ಅರಿಸಿನ ಸೇರಿಸಿ ಹದ ಮಾಡಬೇಕು. ಹದವಾದ ಮಣ್ಣು ಮೈಗೆ ಮೆತ್ತಿಕೊಂಡರೂ ತರಚುವುದಿಲ್ಲ; ಎತ್ತಿ ಒಗೆದರೆ ಬಿದ್ದವನನ್ನು ತಾಳಿಕೊಳ್ಳುತ್ತದೆ. ತಾಲೀಮು ಮನೆಗಳಲ್ಲಿ ದಿನವೂ ಗುದ್ದಲಿ ಹಿಡಿದು ಈ ಮಣ್ಣು ಅಗೆಯುವುದೇ ಹುಡುಗರ ಮೊದಲ ಪಾಠ. ಡಾವು-ಪೇಚು ಆಮೇಲಿನ ಮಾತು.

ಮೊದಲಿಗೆ ಚಿಕ್ಕ ಹುಡುಗರ ಜೋಡಿಗಳು. ಗೆದ್ದವನಿಗೆ ತೆಂಗಿನಕಾಯಿ, ಕೈಗೊಂದು ನೋಟು. ಈ ಹಂತವನ್ನು ಸಾಮಾನ್ಯ ಪ್ರೇಕ್ಷಕ ಚುರುಮುರಿ ತಿನ್ನುತ್ತ ಕಳೆಯುತ್ತಾನೆ. ಆದರೆ ನೋಡಬೇಕಾದದ್ದು ಇಲ್ಲೇ ಇದೆ. ತಾಲೀಮಿನ ವಸ್ತಾದ ಒಬ್ಬ ಹುಡುಗನ ಕೈ ಹಿಡಿದು ಕಣದ ಸುತ್ತ ತಿರುಗಿಸುತ್ತಾನೆ. ಇಂಥವನಿಗೆ ಜೋಡಿ ಇದ್ದರೆ ಬರಲಿ ಎಂಬ ಸವಾಲು ಅದು. ಜನರೊಳಗಿಂದ ಇನ್ನೊಬ್ಬ ಅಂಗಿ ಬಿಚ್ಚಿ ಇಳಿಯುತ್ತಾನೆ. ಪಂಚರು ಇಬ್ಬರನ್ನೂ ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ ಎತ್ತರ ನೋಡುತ್ತಾರೆ, ಕುತ್ತಿಗೆ ನೋಡುತ್ತಾರೆ, ತೋಳು ಮುಟ್ಟುತ್ತಾರೆ. ತಕ್ಕಡಿ ಇಲ್ಲ, ವಯಸ್ಸಿನ ಪ್ರಮಾಣಪತ್ರ ಇಲ್ಲ. ಜೋಡಿ ಸರಿಹೊಂದದಿದ್ದರೆ ಸುತ್ತ ಕೂತ ಸಾವಿರ ಜನರಲ್ಲಿ ಯಾರಾದರೊಬ್ಬ ಕೂಗಿಯೇ ಕೂಗುತ್ತಾನೆ: “ಏ, ಜೋಡ ಆಗೂದಿಲ್ಲ ಬಿಡ್ರಿ!” ಪಂಚರು ಆ ಕೂಗನ್ನು ತಳ್ಳಿಹಾಕುವುದು ಕಡಿಮೆ. ಯಾರ ಮೇಲೆ ಯಾರು ಎಂಬುದನ್ನು ಎಲ್ಲರ ಕಣ್ಣೆದುರು, ಎಲ್ಲರ ಬಾಯಿಗೆ ಸಿಕ್ಕಿ ತೀರ್ಮಾನಿಸುವ ಕ್ರೀಡೆ ಜಗತ್ತಿನಲ್ಲಿ ಹೆಚ್ಚಿಲ್ಲ.

ಕತ್ತಲಾಗಿ ದೀಪ ಹತ್ತಿದ ಮೇಲೆ ದೊಡ್ಡ ಜೋಡಿಗಳು ಬರುತ್ತವೆ. ಮೈಕಿನವನು ಕನ್ನಡದಲ್ಲಿ ಆರಂಭಿಸಿ ಮರಾಠಿಗೆ ಜಾರಿ ಮತ್ತೆ ಕನ್ನಡಕ್ಕೆ ಮರಳುತ್ತಾನೆ. ಕೇಳುವವರಿಗೆ ಎರಡೂ ಒಂದೇ. ಢಾಕ್, ಕಲಾಜಂಗ್, ಏಕಲಂಗಿ, ಘಿಸ್ಸಾ, ಧೋಬಿ ಪಛಾಡ್ ಎಂದು ಅವನು ಹೇಳುವ ಪೇಚುಗಳ ಹೆಸರುಗಳು ಕೊಲ್ಲಾಪುರದ ಪಂಚಗಂಗೆ ಮತ್ತು ಕೃಷ್ಣೆಯ ದಂಡೆಗುಂಟ ಇಳಿದು ಬಂದವು. ಕುಸ್ತಿ ನಡೆಯುತ್ತಿರುವಾಗಲೇ ಚೀಟಿಗಳು ಅವನ ಕೈ ಸೇರುತ್ತವೆ. ಇಂಥ ಊರಿನ ಇಂಥವರಿಂದ ಗೆದ್ದವರಿಗೆ ಐದು ಸಾವಿರ, ಇನ್ನೊಬ್ಬರಿಂದ ಬೆಳ್ಳಿ ಕಡಗ. ಅಖಾಡದ ಪಕ್ಕದ ಮೇಜಿನ ಮೇಲೆ ಬೆಳ್ಳಿ ಗದೆ ಮಿನುಗುತ್ತಿರುತ್ತದೆ.

ಗದೆಯ ಪ್ರಸ್ತಾಪ ಬಂದರೆ ಮುಧೋಳದವರು ಸುಮ್ಮನಿರುವುದಿಲ್ಲ. ಹೊರಗಿನವರಿಗೆ ಮುಧೋಳ ಎಂದರೆ ನಾಯಿ. ಒಳಗಿನವರಿಗೆ ರನ್ನ. ಮುಧೋಳದ ಬಳಿಯ ಬೆಳಗಲಿಯಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ಆ ಹತ್ತನೆಯ ಶತಮಾನದ ಕವಿ ಇಡೀ ಮಹಾಭಾರತವನ್ನು ಹೇಳಲು ಆಯ್ದುಕೊಂಡದ್ದು ಅದರ ಕೊನೆಯ ಜೋಡಿಯನ್ನು. ಭೀಮ, ದುರ್ಯೋಧನ. ಹದಿನೆಂಟು ದಿನದ ಯುದ್ಧದ ಕಡೇ ದಿನದಲ್ಲಿ ನಿಂತು, ಹಿಂದಿನದನ್ನೆಲ್ಲ ಸಿಂಹಾವಲೋಕನದಲ್ಲಿ ತಿರುಗಿ ನೋಡುತ್ತ ‘ಗದಾಯುದ್ಧ’ ಸಾಗುತ್ತದೆ. ಪೋಸ್ಟರಿನ ಮುಂದೆ ನಿಂತ ಮುದುಕ ಮಾಡುವುದೂ ಬೇರೇನಲ್ಲ. ಅವನಿಗೂ ಕಡೇ ಕುಸ್ತಿಯಿಂದ ಹಿಂದಕ್ಕೆ ಹೋದರೇನೇ ಹಂಗಾಮು ಅರ್ಥವಾಗುವುದು.

ಮುಧೋಳಕ್ಕೂ ಕುಸ್ತಿಗೂ ಇರುವ ಇನ್ನೊಂದು ನಂಟು ರಕ್ತದ್ದು. ಕೊಲ್ಲಾಪುರದ ಛತ್ರಪತಿ ಶಾಹೂ ಮಹಾರಾಜರು 1874ರಲ್ಲಿ ಕಾಗಲದ ಘಾಟಗೆ ಮನೆತನದಲ್ಲಿ ಹುಟ್ಟಿದವರು. ಅವರ ತಾಯಿ ರಾಧಾಬಾಯಿ ಮುಧೋಳದ ಅರಸರ ಮಗಳು. 1894ರಲ್ಲಿ ಅಧಿಕಾರ ವಹಿಸಿಕೊಂಡ ಶಾಹೂ ಕೊಲ್ಲಾಪುರವನ್ನು ಮಲ್ಲರ ರಾಜಧಾನಿಯನ್ನಾಗಿ ಮಾಡಿದರು. 1902ರಲ್ಲಿ ಏಳನೇ ಎಡ್ವರ್ಡ್ ಪಟ್ಟಾಭಿಷೇಕಕ್ಕೆಂದು ಯುರೋಪಿಗೆ ಹೋದಾಗ ರೋಮಿನ ಕೊಲೋಸಿಯಂ ನೋಡಿಬಂದ ಅವರು 1912ರಲ್ಲಿ ಖಾಸಬಾಗ ಮೈದಾನ ಕಟ್ಟಿಸಿದರು. ನಡುವೆ ಎತ್ತರದ ಅಖಾಡ, ಸುತ್ತಲೂ ಮೇಲೇರುತ್ತ ಹೋಗುವ ಆಸನಗಳು. ಯಾವ ಮೂಲೆಯಲ್ಲಿ ಕೂತರೂ ಎದುರಿನವನ ತಲೆ ಅಡ್ಡ ಬರುವುದಿಲ್ಲ. ಜಮಖಂಡಿಯ ಪಟವರ್ಧನರು, ಮುಧೋಳದ ಘೋರ್ಪಡೆಯವರು, ಸಾಂಗಲಿ, ಮೀರಜ, ಜತ್ತದ ಅರಸರು, ಹೀಗೆ ಸಂಸ್ಥಾನಗಳು ಒತ್ತೊತ್ತಾಗಿದ್ದ ಈ ಸೀಮೆಯಲ್ಲಿ ಪೈಲ್ವಾನ ಎಂಬುವನು ಅರಮನೆಯ ಅನ್ನ ಉಂಡು ಬೆಳೆದವನು.

ಆ ಅನ್ನ 1948ರಲ್ಲಿ ನಿಂತಿತು. ಸಂಸ್ಥಾನಗಳು ವಿಲೀನಗೊಂಡವು. ಜಮಖಂಡಿಯ ಕೊನೆಯ ದಿನಗಳಲ್ಲಿ ಅಲ್ಲಿ ಆಡಳಿತ ನಡೆಸಿದ ಬಿ.ಡಿ. ಜತ್ತಿಯವರು ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು, ದೇಶದ ಉಪರಾಷ್ಟ್ರಪತಿಯಾದರು. ಪೈಲ್ವಾನರಿಗೆ ಹೊಸ ಧಣಿ ಸಿಗುವುದು ತಡವಾಯಿತು. ಹಾಗಿದ್ದೂ ಆ ನಡುಗಾಲದಲ್ಲೇ ಈ ಗಡಿನಾಡು ತನ್ನ ಅತಿ ದೊಡ್ಡ ಮಲ್ಲನನ್ನು ಕೊಟ್ಟಿತು. ಚಿಕ್ಕೋಡಿ ತಾಲ್ಲೂಕಿನ ಏಕಸಂಬಾದಲ್ಲಿ ಹುಟ್ಟಿದ ಶ್ರೀಪತಿ ಖಂಚನಾಳೆ ಕೊಲ್ಲಾಪುರಕ್ಕೆ ಹೋಗಿ ತಾಲೀಮು ಮಾಡಿ, 1959ರಲ್ಲಿ ದೆಹಲಿಯಲ್ಲಿ ಪಂಜಾಬಿನ ಬಂತಾಸಿಂಗನನ್ನು ಸೋಲಿಸಿ ದೇಶದ ಮೊದಲ ‘ಹಿಂದ್ ಕೇಸರಿ’ ಎನಿಸಿಕೊಂಡರು. ಅದೇ ವರ್ಷ ‘ಮಹಾರಾಷ್ಟ್ರ ಕೇಸರಿ’ಯೂ ಆದರು. 2020ರ ಡಿಸೆಂಬರಿನಲ್ಲಿ ಕೊಲ್ಲಾಪುರದಲ್ಲೇ ತೀರಿಕೊಂಡರು. ಮರಾಠಿ ಪತ್ರಿಕೆಗಳು ಅವರನ್ನು ಕೊಲ್ಲಾಪುರದವರೆಂದು ಬರೆದವು. ಏಕಸಂಬಾದವರಿಗೆ ಅದರಲ್ಲಿ ತಕರಾರಿಲ್ಲ. ಕೊಲ್ಲಾಪುರದ ಗಂಗಾವೇಸ, ಶಾಹುಪುರಿ, ಮೋತಿಬಾಗ ತಾಲೀಮುಗಳಲ್ಲಿ ಇವತ್ತಿಗೂ ಬೆಳಗಾವಿ, ಬಾಗಲಕೋಟೆ ಜಿಲ್ಲೆಯ ಹುಡುಗರು ಮಣ್ಣು ಅಗೆಯುತ್ತಿದ್ದಾರೆ. ಗಡಿ ಎಂಬುದು ಕುಸ್ತಿಯವರ ಮಟ್ಟಿಗೆ ಬಸ್ಸಿನ ಟಿಕೆಟ್ ದರ ಬದಲಾಗುವ ಜಾಗವಷ್ಟೇ.

ಹೊಸ ಧಣಿ ಬಂದದ್ದು ನೀರಿನ ರೂಪದಲ್ಲಿ. ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ದುಡಿದು ಕೃಷ್ಣೆಗೆ ಅಡ್ಡಲಾಗಿ ಬ್ಯಾರೇಜ್ ಕಟ್ಟಿದ್ದು 1989ರಲ್ಲಿ. ‘ಶ್ರಮಬಿಂದು ಸಾಗರ’ ಎಂದು ಹೆಸರಿಟ್ಟರು. ಮುಂದೆ ನಿಂತು ಕಟ್ಟಿಸಿದ ಸಿದ್ದು ನ್ಯಾಮಗೌಡರು ‘ಬ್ಯಾರೇಜ್ ಸಿದ್ದು’ ಆದರು; 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆಯಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಚಿತ್ ಮಾಡಿದರು. ಆ ಫಲಿತಾಂಶವನ್ನು ಈ ಭಾಗದ ಹಿರಿಯರು ಇವತ್ತಿಗೂ ಕುಸ್ತಿಯ ಭಾಷೆಯಲ್ಲೇ ಹೇಳಿದರೆ ಆಶ್ಚರ್ಯವಿಲ್ಲ. ನೀರು ಬಂತು, ಜೋಳದ ಹೊಲಗಳು ಕಬ್ಬಿನ ಗದ್ದೆಗಳಾದವು, ಸಮೀರವಾಡಿಯ ಹಳೆಯ ಕಾರ್ಖಾನೆಯ ಜೊತೆಗೆ ಹೊಸ ಸಕ್ಕರೆ ಕಾರ್ಖಾನೆಗಳು ಒಂದೊಂದಾಗಿ ಎದ್ದವು. ಅರಮನೆಯ ಬೊಕ್ಕಸ ಇದ್ದ ಜಾಗಕ್ಕೆ ಕಬ್ಬಿನ ಬಿಲ್ಲು ಬಂತು.

ಇವತ್ತಿನ ಕುಸ್ತಿ ಪೋಸ್ಟರಿನ ತಳದ ಸಣ್ಣಕ್ಷರಗಳನ್ನು ಒಮ್ಮೆ ಕನ್ನಡಕ ಹಾಕಿಕೊಂಡೇ ಓದಬೇಕು. ಕಬ್ಬು ಬೆಳೆಗಾರರು, ಟ್ರ್ಯಾಕ್ಟರ್ ಮಾಲೀಕರು, ಗೊಬ್ಬರದಂಗಡಿಯವರು, ಬೆಲ್ಲದ ಗಾಣದವರು. ರಬಕವಿ-ಬನಹಟ್ಟಿಯ ಕಡೆಯಾದರೆ ಸೀರೆ ವ್ಯಾಪಾರಿಗಳು, ಪವರ್‌ಲೂಮ್ ಇಟ್ಟವರು. ಹೆಚ್ಚುಕಡಿಮೆ ಒಂದೇ ನದಿಯ ನೀರು ಈ ಎಲ್ಲರ ಜೇಬಿನ ಮೂಲಕ ಹರಿದು ಅಖಾಡ ಸೇರುತ್ತದೆ. ಇದು ಅರಸರ ಕಾಲಕ್ಕಿಂತ ಮೇಲು, ಏಕೆಂದರೆ ಒಬ್ಬ ಧಣಿಯ ಮರ್ಜಿ ಇಲ್ಲ. ಆದರೆ ಇದಕ್ಕೆ ಅದರದೇ ಆದ ಅಪಾಯವೂ ಇದೆ. ಬಿಲ್ಲು ತಡವಾದರೆ ಇನಾಮೂ ತಡವಾಗುತ್ತದೆ. 2025ರ ನವೆಂಬರಿನಲ್ಲಿ ಟನ್ನಿಗೆ 3,500 ರೂಪಾಯಿ ಕೇಳಿ ಬೆಳಗಾವಿ ಜಿಲ್ಲೆಯ ಗುರ್ಲಾಪುರದಲ್ಲಿ ಎದ್ದ ಕಬ್ಬು ಬೆಳೆಗಾರರ ಹೋರಾಟ ಮುಧೋಳಕ್ಕೂ ಹಬ್ಬಿತು. ಅಂಥ ವರ್ಷದಲ್ಲಿ ಜಾತ್ರಾ ಕಮಿಟಿಯವರು ಚೀಟಿ ಪುಸ್ತಕ ಹಿಡಿದು ಮನೆಮನೆಗೆ ಹೋಗುವಾಗ ಎದುರಾಗುವ ಮೊದಲ ಪ್ರಶ್ನೆ ಕುಸ್ತಿಯದ್ದಾಗಿರುವುದಿಲ್ಲ.

ಹಂಗಾಮಿನ ಕಡೆಯ ದಿನಗಳಿಗಾಗಿ ವರ್ಷವಿಡೀ ಕಾಯುವುದು ಈ ಸೀಮೆಯೊಂದರ ಹುಚ್ಚಲ್ಲ. ಜಪಾನಿನಲ್ಲಿ ಅದಕ್ಕೆ ಬೇಸ್‌ಬಾಲ್ ಇದೆ. ಅಲ್ಲಿನ ವೃತ್ತಿಪರ ಬೇಸ್‌ಬಾಲಿನಲ್ಲಿ ಹನ್ನೆರಡು ತಂಡ, ಎರಡು ಲೀಗ್, ತಂಡಕ್ಕೆ 143 ಪಂದ್ಯ. ಮಾರ್ಚ್ ಕೊನೆಗೆ ಆರಂಭವಾಗಿ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮುಗಿಯುವ ಈ ಓಟದ ಕೊನೆಯ ಎರಡು ವಾರ, ಮೊದಲ ಮೂರರೊಳಗೆ ಉಳಿಯುವ ಜಂಜಾಟದಲ್ಲಿ ಅಭಿಮಾನಿಗಳ ಊಟ-ನಿದ್ದೆ ಕೆಡುತ್ತದೆ. ಒಸಾಕಾ ಸೀಮೆಯ ಹಾನ್‌ಶಿನ್ ಟೈಗರ್ಸ್ ತಂಡದ ಜನವಂತೂ ಈ ಹುಚ್ಚಿಗೆ ಹೆಸರಾದವರು. ಒಬ್ಬೊಬ್ಬ ಬ್ಯಾಟರನಿಗೂ ಒಂದೊಂದು ಹಾಡು, ಕಹಳೆ, ನಗಾರಿ. 1985ರಲ್ಲಿ ತಂಡ ತನ್ನ ಲೀಗ್ ಗೆದ್ದಾಗ ಸಂಭ್ರಮದ ಭರದಲ್ಲಿ ಕೆಎಫ್‌ಸಿ ಅಂಗಡಿ ಮುಂದಿನ ಗಡ್ಡದ ಮುದುಕನ ಬೊಂಬೆಯನ್ನು, ತಮ್ಮ ತಂಡದ ಗಡ್ಡಧಾರಿ ಅಮೆರಿಕನ್ ಆಟಗಾರ ರ್‍ಯಾಂಡಿ ಬಾಸ್‌ನ ಬದಲಿಗೆ, ಎತ್ತಿ ದೋತೊಂಬೊರಿ ಕಾಲುವೆಗೆ ಎಸೆದರು. ಆಮೇಲೆ ತಂಡ ಸೋಲುತ್ತಲೇ ಹೋದಾಗ ಅದು ಆ ಮುದುಕನ ಶಾಪ ಎಂದರು. ಬೊಂಬೆ 2009ರಲ್ಲಿ ಕೆಸರಿನಿಂದ ಮೇಲೆ ಬಂತು. ಎರಡೂ ಲೀಗಿನವರು ಕಡೆಗೆ ಸೆಣಸುವ ಜಪಾನ್ ಸರಣಿಯ ಗೆಲುವು ಮಾತ್ರ ಮತ್ತೆ ಬಂದದ್ದು 38 ವರ್ಷ ಕಳೆದು, 2023ರಲ್ಲಿ. ದೇವರ ಶಾಪಕ್ಕೆ ಕುಸ್ತಿ ಸೋಲಿನ ಲೆಕ್ಕ ಹಚ್ಚುವ ನಮ್ಮ ಹಿರಿಯರಿಗೆ ಈ ಕತೆ ಹೇಳಿದರೆ, ಒಂದು ಕಾಯಿ ಒಡೆಸಬೇಕಿತ್ತು ಎನ್ನದೆ ಇರಲಾರರು.

ಆ ತಂಡದ ತವರು ಮೈದಾನ ಕೋಶಿಯೆನ್, 1924ರಲ್ಲಿ ಕಟ್ಟಿದ್ದು. ಅಲ್ಲೂ ಮಣ್ಣಿಗೇ ಮರ್ಯಾದೆ. ಬೇಸಿಗೆಯಲ್ಲಿ ಅಲ್ಲಿ ನಡೆಯುವ ಹೈಸ್ಕೂಲು ಪಂದ್ಯಾವಳಿಯಲ್ಲಿ ಸೋತ ಹುಡುಗರು ಅಳುತ್ತ ಮಂಡಿಯೂರಿ ಮೈದಾನದ ಮಣ್ಣನ್ನು ಚೀಲಕ್ಕೆ ತುಂಬಿಕೊಂಡು ಊರಿಗೆ ಒಯ್ಯುತ್ತಾರೆ. 1958ರಲ್ಲಿ ಒಕಿನಾವಾದ ಶುರಿ ಹೈಸ್ಕೂಲಿನ ಹುಡುಗರು ಹೀಗೆ ಒಯ್ದ ಮಣ್ಣನ್ನು, ಆ ದ್ವೀಪ ಆಗ ಅಮೆರಿಕದ ಆಡಳಿತದಲ್ಲಿದ್ದ ಕಾರಣ, ಪರದೇಶದ ಮಣ್ಣೆಂದು ಬಂದರಿನಲ್ಲೇ ಚೆಲ್ಲಿಸಲಾಯಿತು. ಕೋಶಿಯೆನ್‌ನಲ್ಲಿ ಹಾಸುವುದು ಮರಳು ಬೆರೆಸಿದ ಕಪ್ಪು ಮಣ್ಣು. ಅಲ್ಲಿ ಕಪ್ಪು ಮಣ್ಣನ್ನು ಹುಡುಕಿ ತರುತ್ತಾರೆ. ಜಮಖಂಡಿಯವರು ಕಪ್ಪು ಮಣ್ಣಿನ ನಟ್ಟನಡುವೆ ಕೂತು ಕೆಂಪು ಮಣ್ಣಿಗೆ ಲಾರಿ ಕಳಿಸುತ್ತಾರೆ.

ಜಪಾನಿನ ಬೇಸ್‌ಬಾಲಿನಲ್ಲಿ ಹನ್ನೆರಡು ಇನಿಂಗ್ಸ್‌ವರೆಗೂ ತೀರ್ಮಾನವಾಗದಿದ್ದರೆ ಪಂದ್ಯ ಸಮ ಎಂದು ಮುಗಿಸುತ್ತಾರೆ. ಅಮೆರಿಕದವರಿಗೆ ಇದು ಅರ್ಥವಾಗದ ಸಂಗತಿ. ಜಾತ್ರೆಯ ಕುಸ್ತಿಗೆ ಈ ಸಮದ ಪೀಡೆ ಹಳೆಯದು. ನಿಕಾಲಿ ಎಂದಮೇಲೆ ಒಬ್ಬನ ಎರಡೂ ಭುಜ ಮಣ್ಣಿಗೆ ಹತ್ತಲೇಬೇಕು. ಅಂಕ ಇಲ್ಲ, ಸುತ್ತು ಇಲ್ಲ, ತಜ್ಞರ ತೀರ್ಪಿಲ್ಲ. ಅದೇ ಅದರ ಸೊಗಸು. ಊರಿಗೆ ಹೊಸಬನಾದರೂ ಯಾರು ಗೆದ್ದರೆಂದು ಕೇಳಬೇಕಾಗಿಲ್ಲ. ಆದರೆ ಬೀಳಬಾರದೆಂದೇ ಹಟ ಹಿಡಿದವನನ್ನು ಬೀಳಿಸುವುದು ಹೇಗೆ? 1910ರ ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಪೋಲೆಂಡಿನ ಸ್ಬಿಸ್ಕೊ ಭಾರತದ ಗಾಮಾ ಪೈಲ್ವಾನನ ಮುಂದೆ ಬೋರಲು ಬಿದ್ದು ನೆಲ ಕಚ್ಚಿಕೊಂಡ. ಎರಡೂವರೆ ಗಂಟೆಗೂ ಹೆಚ್ಚು ಹೊತ್ತು ಗಾಮಾ ಅವನನ್ನು ಮಗುಚಲು ಹೆಣಗಿದ. ಕಡೆಗೆ ಸಮ. ವಾರದ ನಂತರ ಮರುಕುಸ್ತಿಗೆ ಸ್ಬಿಸ್ಕೊ ಬರಲೇ ಇಲ್ಲ. 1928ರಲ್ಲಿ ಪಟಿಯಾಲಾದಲ್ಲಿ, ಮಣ್ಣಿನ ಮೇಲೆ, ಇಬ್ಬರೂ ಮತ್ತೆ ಹಿಡಿದಾಗ ಗಾಮಾ ಗೆಲ್ಲಲು ಒಂದು ನಿಮಿಷವೂ ಹಿಡಿಯಲಿಲ್ಲ. ಮುಂದೆ ಗಾಮಾನ ಮನೆತನಕ್ಕೆ ಜಪಾನಿನ ಗಾಳಿಯೂ ಬೀಸಿತು. 1976ರಲ್ಲಿ ಕರಾಚಿಯಲ್ಲಿ ಜಪಾನಿನ ಮಲ್ಲ ಅಂಟೋನಿಯೊ ಇನೋಕಿ ಆ ಮನೆತನದ ಅಕ್ರಂನನ್ನು ತೋಳು ತಿರುಚಿ ಸೋಲಿಸಿದ. ಮೂರು ವರ್ಷದ ಮೇಲೆ ಲಾಹೋರಿನಲ್ಲಿ ಅದೇ ಮನೆಯ ಹುಡುಗ ಝಾರಾನೊಡನೆ ಐದು ಸುತ್ತು ಸೆಣಸಿ, ಕಡೆಗೆ ತಾನೇ ಅವನ ಕೈಯನ್ನು ಎತ್ತಿ ಹಿಡಿದ.

ನಮ್ಮ ಜಾತ್ರೆಗಳಲ್ಲಿ ಸ್ಬಿಸ್ಕೊನ ಸಂತತಿ ಬೇಕಾದಷ್ಟಿದೆ. ದೊಡ್ಡ ಇನಾಮಿನ ಕುಸ್ತಿಯಲ್ಲಿ ಇಬ್ಬರೂ ಕುತ್ತಿಗೆಗೆ ಕೈ ಹಾಕಿ ನಿಂತರೆಂದರೆ ಕಾಲು ಗಂಟೆ ಕದಲುವುದಿಲ್ಲ. ಹಂಗಾಮಿನ ಕೊನೆಯಲ್ಲಂತೂ ಇದು ಹೆಚ್ಚು, ಏಕೆಂದರೆ ಸೋಲಿಗೆ ಬೆಲೆ ಜಾಸ್ತಿ, ಮೈಯೂ ದಣಿದಿರುತ್ತದೆ. ಜನ ಕೂಗುತ್ತಾರೆ, ಹಲಗಿಯವನು ಲಯ ಏರಿಸುತ್ತಾನೆ, ಪಂಚರು ಇಬ್ಬರನ್ನೂ ಕಣದ ನಡುವಿಗೆ ಎಳೆದು ತರುತ್ತಾರೆ. ಹೊತ್ತು ಮೀರಿದರೆ ಬರೋಬರಿ ಎಂದು ಸಾರಿ ಇನಾಮನ್ನು ಅರ್ಧರ್ಧ ಹಂಚುತ್ತಾರೆ. ಆಗ ಏಳುವ ಗುಲ್ಲಿನಲ್ಲಿ ‘ಒಳಗೊಳಗೇ ಮಾತಾಗಿತ್ತು’ ಎಂಬ ಅನುಮಾನದ ಮಾತೂ ಇರುತ್ತದೆ. ಎಲ್ಲ ಬಾರಿಯೂ ಅದು ಸುಳ್ಳಲ್ಲ ಎಂದು ಕುಸ್ತಿ ಪ್ರೇಮಿಗಳೇ ಒಪ್ಪುತ್ತಾರೆ. ಈಗ ಹಲವು ಕಡೆ ಇಂತಿಷ್ಟು ನಿಮಿಷದ ಮೇಲೆ ಅಂಕದ ಮೇಲೆ ನಿರ್ಣಯ ಎಂಬ ಕರಾರನ್ನು ಮೊದಲೇ ಮೈಕಿನಲ್ಲಿ ಹೇಳುತ್ತಾರೆ. ಹಳಬರಿಗೆ ಇದು ಹಿಡಿಸದು. ಹಿಡಿಸದಿದ್ದರೂ ಆಗಬೇಕಾದ ಬದಲಾವಣೆ. ಸಾವಿರಾರು ಜನರನ್ನು ರಾತ್ರಿ ಹನ್ನೊಂದರವರೆಗೆ ಕೂರಿಸಿ ಎರಡು ಬೆನ್ನು ತೋರಿಸಿ ಕಳಿಸುವುದು ಯಾವ ಪರಂಪರೆಯೂ ಅಲ್ಲ.

ಅಂಕದ ಕುಸ್ತಿ ಹೊಸ ಲೋಕಕ್ಕೆ ಬಾಗಿಲೂ ಹೌದು. ಬಾದಾಮಿ ತಾಲ್ಲೂಕಿನ ಹಲಕುರ್ಕಿ ಎಂಬ ಊರನ್ನು ದೇಶದ ಕ್ರೀಡಾಪುಟಗಳಿಗೆ ತಂದವರು ಅರ್ಜುನ್ ಹಲಕುರ್ಕಿ. 2020ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನ ಗ್ರೀಕೊ-ರೋಮನ್ 55 ಕೆ.ಜಿ. ವಿಭಾಗದಲ್ಲಿ ಅವರು ಕಂಚು ಗೆದ್ದರು. 2022ರಲ್ಲಿ ಮಂಗೋಲಿಯಾದ ಉಲಾನ್‌ಬಾತರ್‌ನಲ್ಲಿ ಮತ್ತೊಂದು ಕಂಚು. ದೆಹಲಿಯ ಆ ಕ್ರೀಡಾಂಗಣಕ್ಕೆ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚು ತಂದ ಕರಾಡ ಬಳಿಯ ಖಾಶಾಬಾ ಜಾಧವರ ಹೆಸರು. ಮಣ್ಣಿನ ಮಕ್ಕಳಿಬ್ಬರು ಮ್ಯಾಟಿನ ಮೇಲೆ ಹೀಗೆ ಭೇಟಿಯಾದರು. ಆದರೆ ಗ್ರೀಕೊ-ರೋಮನ್‌ನಲ್ಲಿ ಒಲಿಂಪಿಕ್ಸ್ ತೂಕ ಆರಂಭವಾಗುವುದೇ 60 ಕೆ.ಜಿ.ಯಿಂದ. ಏಷ್ಯಾದಲ್ಲಿ ಎರಡು ಪದಕ ಗೆದ್ದ ತೂಕಕ್ಕೆ ಒಲಿಂಪಿಕ್ಸ್‌ನಲ್ಲಿ ಜಾಗವೇ ಇಲ್ಲ. ಜಾತ್ರೆಯ ಕಣದಲ್ಲಾದರೆ ಇಂಥ ತಕರಾರು ಹುಟ್ಟುವುದಿಲ್ಲ. ಸರಿಜೋಡಿ ಸಿಕ್ಕರೆ ಸಾಕು, ಹಲಗಿ ಬಡಿಯುತ್ತದೆ.

ಎರಡೂ ಲೋಕದಲ್ಲಿ ಕಾಲಿಟ್ಟು ನಡೆಯುವುದು ಇಂದಿನ ಹುಡುಗರ ಪಾಡು. ಮಣ್ಣಿನಲ್ಲಿ ನಿಂತು ಹಿಡಿಯುವ ಬಲ, ಮ್ಯಾಟಿನಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತಿನ ಚುರುಕು. ಕ್ರೀಡಾ ಹಾಸ್ಟೆಲುಗಳು ಮ್ಯಾಟ್ ಕೊಡುತ್ತವೆ. ಬೆಳಗಾವಿಯ ಮರಾಠಾ ಲಘು ಪದಾತಿದಳ ಕೇಂದ್ರದ ಬಾಲಕರ ಕ್ರೀಡಾ ಕಂಪನಿಗೆ ಆಯ್ಕೆಯಾದರೆ ಊಟ, ಓದು, ಮುಂದೆ ಸೈನ್ಯದ ನೌಕರಿಯ ದಾರಿ. ಬೀಳಗಿ ಸೀಮೆಯಲ್ಲಿ, ಆಲಮಟ್ಟಿಯ ಹಿನ್ನೀರಿಗೆ ಹೊಲ ಕಳೆದುಕೊಂಡ ಮನೆಗಳಲ್ಲಿ, ಮಗನನ್ನು ತಾಲೀಮಿಗೆ ಕಳಿಸುವ ತಂದೆಯ ಲೆಕ್ಕದಲ್ಲಿ ಬೆಳ್ಳಿ ಗದೆಗಿಂತ ಈ ನೌಕರಿಗೆ ಹೆಚ್ಚು ಬೆಲೆ. ಅದರಲ್ಲಿ ತಪ್ಪೇನೂ ಇಲ್ಲ.

ಕಣಗಳೇ ಕೂಡದಿದ್ದರೆ ಏನಾಗುತ್ತದೆಂಬುದನ್ನು ಎರಡು ವರ್ಷ ಎಲ್ಲರೂ ನೋಡಿದರು. ಹಲಕುರ್ಕಿಯ ಕಂಚಿನ ಸಂಭ್ರಮ ಆರುವ ಮೊದಲೇ, 2020ರ ಮಾರ್ಚ್ ಕೊನೆಯ ವಾರದಲ್ಲಿ, ಲಾಕ್‌ಡೌನ್ ಬಂತು. ಯುಗಾದಿಯ ಹೊತ್ತು, ಹಂಗಾಮಿನ ಭರ್ತಿ. 2021ರ ಏಪ್ರಿಲ್ ಕೊನೆಗೆ ಎರಡನೇ ಬಾರಿ, ಮತ್ತೆ ಅದೇ ಹೊತ್ತಿಗೆ. ತೇರುಗಳು ಗುಡಿಯ ಮುಂದೆಯೇ ನಿಂತವು. ಖುರಾಕು ನಿಂತವರು ಗೌಂಡಿ ಕೆಲಸಕ್ಕೆ, ಕಾರ್ಖಾನೆಯ ಕಾವಲಿಗೆ, ಪವರ್‌ಲೂಮಿಗೆ ಹೋದರು. ಕುಸ್ತಿಯಲ್ಲಿ ಎರಡು ವರ್ಷ ಎಂದರೆ ಸಣ್ಣ ಮಾತಲ್ಲ. ಇಪ್ಪತ್ತೆರಡರ ಪೈಲ್ವಾನ ಇಪ್ಪತ್ನಾಲ್ಕಕ್ಕೆ ಹೊಸದಾಗಿ ಹೆಸರು ಮಾಡಬೇಕು. ಜಾತ್ರೆಗಳು ಮರಳಿದಾಗ ಮೈಕಿನ ಪಕ್ಕ ಮೊಬೈಲ್ ಸ್ಟ್ಯಾಂಡುಗಳು ಎದ್ದಿದ್ದವು. ಈಗ ಬನಹಟ್ಟಿಯ ಕುಸ್ತಿಯನ್ನು ಪುಣೆಯ ಬಾಡಿಗೆ ಕೋಣೆಯಲ್ಲಿ ಕೂತವನು ಯೂಟ್ಯೂಬಿನಲ್ಲಿ ನೋಡಿ, ಅಲ್ಲಿಂದಲೇ ಫೋನ್‌ಪೇಯಲ್ಲಿ ಇನಾಮು ಹಾಕಬಹುದು. ಮೈಕಿನವನು ಅವನ ಹೆಸರನ್ನೂ ಓದುತ್ತಾನೆ.

ಒಂದನೇ ನಂಬರ ಜೋಡಿ ಇಳಿಯುವಾಗ ರಾತ್ರಿ ಒಂಬತ್ತೋ ಹತ್ತೋ. ಇಬ್ಬರೂ ಮಣ್ಣು ಮುಟ್ಟಿ ಹಣೆಗಿಟ್ಟು, ತೊಡೆ ತಟ್ಟಿ, ಒಬ್ಬರ ಎದೆಗೊಬ್ಬರು ಹಿಡಿ ಮಣ್ಣು ಎರಚಿ ಕೈ ಕೊಡುತ್ತಾರೆ. ಇವರ ಕಿವಿಗಳು ವರ್ಷಗಳ ತಿಕ್ಕಾಟಕ್ಕೆ ಮುದುಡಿ ಗಂಟಾಗಿವೆ. ಫೋಟೊ ಇಲ್ಲದಿದ್ದರೂ ಪೈಲ್ವಾನನನ್ನು ಗುರುತಿಸುವುದು ಆ ಕಿವಿಯಿಂದ. ಸರಿಯಾದ ಜೋಡಿ ಬಿದ್ದಿದ್ದರೆ ಮೊದಲ ಐದು ನಿಮಿಷ ಗದ್ದಲವೇ ಇರುವುದಿಲ್ಲ. ಎಲ್ಲರೂ ಕಾಲು ನೋಡುತ್ತಿರುತ್ತಾರೆ. ಅನುಭವಿ ಪ್ರೇಕ್ಷಕ ಕೈಯನ್ನು ನೋಡುವುದಿಲ್ಲ. ಎದುರಾಳಿಯ ಹಿಮ್ಮಡಿ ಯಾವಾಗ ನೆಲ ಬಿಡುತ್ತದೆ ಎಂದು ಕಾಯುತ್ತಾನೆ. ಅದು ಬಿಟ್ಟ ಗಳಿಗೆಯಲ್ಲಿ ಢಾಕ್ ಬೀಳುತ್ತದೆ, ಒಬ್ಬ ಇನ್ನೊಬ್ಬನ ಸೊಂಟದ ಮೇಲಿನಿಂದ ಹಾರಿ ಅಂಗಾತ ಬೀಳುತ್ತಾನೆ. ಪಂಚರು ಕೈ ಎತ್ತುವ ಮೊದಲೇ ಜನ ಕಣದೊಳಗೆ ನುಗ್ಗಿರುತ್ತಾರೆ.

ಗೆದ್ದವನ ಹೆಗಲಿಗೆ ಗದೆ, ತಲೆಗೆ ರುಮಾಲು, ಮೆರವಣಿಗೆ. ಸೋತವನನ್ನು ಅವನ ವಸ್ತಾದ ಟವೆಲು ಹೊದಿಸಿ ಜೀಪಿನ ಕಡೆ ಕರೆದೊಯ್ಯುತ್ತಾನೆ. ಇನಾಮಿನ ಲೆಕ್ಕ ಗುಡಿಯ ಕಟ್ಟೆಯ ಮೇಲೆ ಮಧ್ಯರಾತ್ರಿಯವರೆಗೂ ನಡೆಯುತ್ತದೆ. ಚೀಟಿ ಬರೆಸಿದವರಲ್ಲಿ ಕೆಲವರು ಸಿಗುವುದಿಲ್ಲ, ಕೆಲವರು ನಾಳೆ ಎನ್ನುತ್ತಾರೆ, ಕಮಿಟಿಯವರು ತಮ್ಮ ಕೈಯಿಂದ ತುಂಬುತ್ತಾರೆ. ಕಾರ ಹುಣ್ಣಿಮೆಯ ನಂತರ ಪೈಲ್ವಾನರು ತಾಲೀಮಿಗೆ ಮರಳಿ, ಗಾಯ ಮಾಗಿಸಿಕೊಂಡು, ದಿನಕ್ಕೆ ಎರಡು ಹೊತ್ತು ಸಾಮು, ಬೈಠಕು ಆರಂಭಿಸುತ್ತಾರೆ. ಮಳೆಗಾಲದ ಈ ನಾಲ್ಕು ತಿಂಗಳಲ್ಲಿ ಆದಾಯ ಇಲ್ಲ, ಹಾಲಿನವನ ಸಾಲ ಇದೆ.

ಮುಂದಿನ ದೊಡ್ಡ ತಾರೀಖು ದಸರಾ. ಹಬ್ಬಕ್ಕೆ ಮೊದಲೇ ಮೈಸೂರಿನಲ್ಲಿ ಜೋಡಿ ಕಟ್ಟುತ್ತಾರೆ. ಉತ್ತರದ ಜಿಲ್ಲೆಗಳ ಪೈಲ್ವಾನರು ರಾತ್ರಿ ಬಸ್ಸು ಹಿಡಿದು ಅಲ್ಲಿಗೆ ಹೋಗಿ, ಅಂಗಿ ಬಿಚ್ಚಿ ಸಾಲಿನಲ್ಲಿ ನಿಂತು, ಪಂಚರ ಕಣ್ಣಿಗೆ ಬೀಳಬೇಕು. ದೊಡ್ಡಕೆರೆ ಮೈದಾನದ ದೇವರಾಜ ಅರಸು ಕ್ರೀಡಾಂಗಣದಲ್ಲಿ ನಾಡಕುಸ್ತಿಯ ಜೊತೆಗೆ ‘ದಸರಾ ಕೇಸರಿ’, ‘ದಸರಾ ಕಿಶೋರ’, ಹೆಣ್ಣುಮಕ್ಕಳಿಗೆ ‘ದಸರಾ ಕಿಶೋರಿ’ ಬಿರುದಿನ ಪಂದ್ಯಗಳೂ ಇರುತ್ತವೆ. ಅಲ್ಲಿ ಯಾರಿಗೆ ಯಾರು ಜೋಡಿ ಎಂಬ ಸುದ್ದಿ ಜಮಖಂಡಿಯ ಚಹಾದಂಗಡಿಗೆ ಮರುದಿನ ಬೆಳಿಗ್ಗೆಯೇ ಮುಟ್ಟುತ್ತದೆ. ಅಷ್ಟರಲ್ಲಿ ಕಾರ್ಖಾನೆಗಳವರು ಹೊಸ ಹಂಗಾಮಿಗೆ ಟ್ರ್ಯಾಕ್ಟರುಗಳ ಕರಾರು ಬರೆಸಿಕೊಳ್ಳತೊಡಗಿರುತ್ತಾರೆ.